ಆಗಸ್ಟ್ 18, 1868: ಒಂದು ಹಳದಿ ಗೆರೆಯ ಇಪ್ಪತ್ತೇಳು ವರ್ಷ

ಆಗಸ್ಟ್ 18 ಬಂತೆಂದರೆ ದಿನವಿಶೇಷದ ಅಂಕಣಗಳಲ್ಲಿ, 1868ರ ಈ ದಿನ ಫ್ರೆಂಚ್ ಖಗೋಳವಿಜ್ಞಾನಿ ಜೂಲ್ ಜಾನ್ಸೆನ್ ಗುಂಟೂರಿನಲ್ಲಿ ಸೂರ್ಯಗ್ರಹಣವನ್ನು ನೋಡುತ್ತ ಹೀಲಿಯಮ್ ಎಂಬ ಮೂಲವಸ್ತುವನ್ನು ಕಂಡುಹಿಡಿದರೆಂಬ ವಾಕ್ಯ ಕಾಣಿಸಿಕೊಳ್ಳುತ್ತದೆ. ಇದರಲ್ಲಿ ದಿನಾಂಕ, ಊರು, ಗ್ರಹಣ ಮೂರೂ ನಿಜ. ಆದರೆ ಆ ದಿನ ಹೊಸ ಮೂಲವಸ್ತುವೊಂದು ಸಿಕ್ಕಿತೆಂದು ಜಾನ್ಸೆನ್ ಆಗಲಿ, ಬೇರೆ ಯಾರೇ ಆಗಲಿ ಭಾವಿಸಿರಲಿಲ್ಲ. ಅದಕ್ಕಿಂತ ಕಡಿಮೆ ಜನಕ್ಕೆ ತಿಳಿದಿರುವ ಸಂಗತಿಯೆಂದರೆ, ಹೀಲಿಯಮ್ ಸೂಸುವ ಹಳದಿ ಬೆಳಕನ್ನು ಅಂದು ಕನ್ನಡನಾಡಿನ ಜಮಖಂಡಿ ಮತ್ತು ವಿಜಯಪುರಗಳಿಂದಲೂ ಉಪಕರಣದ ಮೂಲಕ ನೋಡಿ ದಾಖಲಿಸಲಾಗಿತ್ತು.

ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದಾಗ ಹರಡಿಕೊಳ್ಳುವ ಬಣ್ಣಗಳ ಪಟ್ಟಿಗೆ ರೋಹಿತವೆಂದೂ, ಅದನ್ನು ಪರೀಕ್ಷಿಸುವ ಉಪಕರಣಕ್ಕೆ ರೋಹಿತದರ್ಶಕವೆಂದೂ ಹೆಸರು. ಕಾದ ಅನಿಲ ಪ್ರತಿಯೊಂದೂ ತನ್ನದೇ ಸ್ಥಾನಗಳಲ್ಲಿ ಹೊಳೆಯುವ ಗೆರೆಗಳನ್ನು ಮೂಡಿಸುತ್ತದೆಂಬುದನ್ನೂ, ಆ ಗೆರೆಗಳಿಂದಲೇ ವಸ್ತುವನ್ನು ಗುರುತಿಸಬಹುದೆಂಬುದನ್ನೂ ಜರ್ಮನಿಯ ಕಿರ್ಕಾಫ್ ಮತ್ತು ಬುನ್ಸೆನ್ 1860ರ ಹೊತ್ತಿಗೆ ಸ್ಥಾಪಿಸಿದ್ದರು. ಖಗ್ರಾಸ ಗ್ರಹಣದಲ್ಲಿ, ಅಂದರೆ ಚಂದ್ರನು ಸೂರ್ಯಬಿಂಬವನ್ನು ಪೂರ್ತಿಯಾಗಿ ಮರೆಮಾಡಿದಾಗ, ಬಿಂಬದ ಅಂಚಿನಿಂದ ಹೊರಚಾಚಿ ಕಾಣುವ ಕೆಂಪು ನಾಲಗೆಗಳು, ಅಂದರೆ ಸೌರ ಚಾಚಿಕೆಗಳು, ಯಾವುದರಿಂದ ಆಗಿವೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಈ ಹೊಸ ವಿಧಾನಕ್ಕೆ ದೊರೆತ ಮೊದಲ ದೊಡ್ಡ ಅವಕಾಶ 1868ರ ಗ್ರಹಣವೇ ಆಗಿತ್ತು.

ಗ್ರಹಣದ ನೆರಳು ಏಡನ್ ಕಡೆಯಿಂದ ಅರಬ್ಬೀ ಸಮುದ್ರವನ್ನು ದಾಟಿ, ದಖ್ಖನ್ ಪ್ರಸ್ಥಭೂಮಿಯನ್ನು ಪಶ್ಚಿಮದಿಂದ ಪೂರ್ವಕ್ಕೆ ಹಾದು, ಬಂಗಾಳ ಕೊಲ್ಲಿಯಾಚೆ ಸಯಾಮಿನತ್ತ ಸಾಗಿತು. ಗುಂಟೂರಿನಲ್ಲಿ ಜಾನ್ಸೆನ್ ಮತ್ತು ಬ್ರಿಟಿಷ್ ಸೇನೆಯ ಮೇಜರ್ ಟೆನ್ನೆಂಟ್ ಪ್ರತ್ಯೇಕವಾಗಿ ಬೀಡುಬಿಟ್ಟಿದ್ದರೆ, ಮಛಲೀಪಟ್ಟಣದಲ್ಲಿ ಮದರಾಸು ವೀಕ್ಷಣಾಲಯದ ನಾರ್ಮನ್ ಪಾಗ್ಸನ್ ಇದ್ದರು; ಅದೇ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿಯವರು ವನಪರ್ತಿಯ ಶಿಬಿರದಲ್ಲಿದ್ದರು. ಪಟವರ್ಧನ ಮನೆತನದ ಸಂಸ್ಥಾನವಾಗಿದ್ದ ಜಮಖಂಡಿಗೆ ಲಂಡನ್ನಿನ ರಾಯಲ್ ಸೊಸೈಟಿಯ ಉಪಕರಣಗಳೊಂದಿಗೆ ಬಂದ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ಲರ ಮೊಮ್ಮಗ. ಮುಂಗಾರಿನ ಮೋಡಗಳು ಜಮಖಂಡಿಯ ಆಕಾಶವನ್ನು ಬಹುಪಾಲು ಮುಚ್ಚಿದ್ದರೂ, ಅವು ಸರಿದ ಚೂರು ಕಾಲದಲ್ಲೇ ಹರ್ಷೆಲ್ಲರಿಗೆ ಚಾಚಿಕೆಯ ರೋಹಿತದಲ್ಲಿ ಕೆಂಪು, ಕಿತ್ತಳೆ, ನೀಲಿ ಬಣ್ಣದ ಮೂರು ಪ್ರಖರ ಗೆರೆಗಳು ಕಂಡವು. ವಿಜಯಪುರದಲ್ಲಿ ಕೈಯಲ್ಲಿ ಹಿಡಿಯುವ ಸಣ್ಣ ರೋಹಿತದರ್ಶಕವನ್ನಷ್ಟೇ ಇಟ್ಟುಕೊಂಡಿದ್ದ ಕ್ಯಾಪ್ಟನ್ ಹೇಗ್ ಅವರಿಗೂ ಮೋಡಗಳ ನಡುವೆ ಎರಡು ಹೊಳೆಯುವ ಪಟ್ಟಿಗಳು, ಒಂದು ಗುಲಾಬಿಗೆಂಪು, ಇನ್ನೊಂದು ತಿಳಿಹೊನ್ನಿನ ಬಣ್ಣದ್ದು, ಗೋಚರಿಸಿದವು.

ಕೆಂಪು ಮತ್ತು ನೀಲಿ ಗೆರೆಗಳು ಜಲಜನಕದವು. ಕಿತ್ತಳೆಯಂತೆಯೋ ಹೊನ್ನಿನಂತೆಯೋ ಕಂಡ ಗೆರೆಯಾದರೋ ಸೋಡಿಯಂನ ಪ್ರಸಿದ್ಧ ಹಳದಿ ಜೋಡಿಗೆರೆಯ, ಅಂದರೆ ವಿಜ್ಞಾನಿಗಳು ‘ಡಿ’ ಎಂದು ಕರೆಯುತ್ತಿದ್ದ ಗೆರೆಯ, ತೀರ ಹತ್ತಿರವಿತ್ತು. ಸೋಡಿಯಂನ ಗೆರೆಗಳ ತರಂಗಾಂತರ 589.0 ಮತ್ತು 589.6 ನ್ಯಾನೋಮೀಟರ್ ಆಗಿದ್ದರೆ ಈ ಗೆರೆಯದು 587.6, ಮೀಟರಿನ ನೂರು ಕೋಟಿಯ ಒಂದು ಭಾಗವೇ ನ್ಯಾನೋಮೀಟರ್ ಎಂಬುದನ್ನು ನೆನೆದರೆ, ಕೆಲವೇ ನಿಮಿಷಗಳ ಕತ್ತಲಲ್ಲಿ, ಮೋಡಗಳ ಸಂದಿನಲ್ಲಿ ಆ ವ್ಯತ್ಯಾಸ ಹಿಡಿಯುವುದು ಎಷ್ಟು ಕಷ್ಟವೆಂಬುದು ಅರ್ಥವಾಗುತ್ತದೆ. ಹರ್ಷೆಲ್ ತಮ್ಮ ಅಳತೆಯಿಂದ ಅದು ಡಿ ಗೆರೆಯೇ ಎಂದು ತೀರ್ಮಾನಿಸಿದರು. ಪಾಗ್ಸನ್ ಮಾತ್ರ ಅದು ಡಿ ಗೆರೆಯ ಸ್ಥಾನದಲ್ಲೋ ಅದರ ಸಮೀಪದಲ್ಲೋ ಇದೆಯೆಂಬ ಎಚ್ಚರಿಕೆಯ ಮಾತನ್ನು ಬರೆದಿಟ್ಟರು. ಅವರ ವರದಿ ಹೆಚ್ಚು ಜನರ ಕೈಸೇರಲಿಲ್ಲ.

ಹಾಗಾದರೆ ಜಾನ್ಸೆನ್ ಸಾಧಿಸಿದ್ದೇನು? ಗೆರೆಗಳ ಪ್ರಖರತೆಯನ್ನು ಕಂಡ ಅವರಿಗೆ, ಇವನ್ನು ನೋಡಲು ಗ್ರಹಣವೇ ಬೇಕಾಗಿಲ್ಲವೆಂಬುದು ಹೊಳೆಯಿತು. ಹಗಲಿನಲ್ಲಿ ಚಾಚಿಕೆಗಳನ್ನು ಮರೆಮಾಡುವ ಆಕಾಶದ ಬೆಳಕನ್ನು ರೋಹಿತದರ್ಶಕವು ಉದ್ದಕ್ಕೆ ಹರಡಿ ಮಂದಗೊಳಿಸುತ್ತದೆ. ಚಾಚಿಕೆಯ ಬೆಳಕು ಕೆಲವೇ ಗೆರೆಗಳಲ್ಲಿ ಕೂಡಿಕೊಂಡಿರುವುದರಿಂದ ಹಾಗೆ ಚದುರದೆ ಎದ್ದು ಕಾಣುತ್ತದೆ. ಮರುದಿನ, ಆಗಸ್ಟ್ 19ರಂದು, ಅವರು ಇದನ್ನು ಮಾಡಿ ನೋಡಿ ಯಶಸ್ವಿಯಾದರು. ಸೌರ ಭೌತವಿಜ್ಞಾನವನ್ನು ಗ್ರಹಣಗಳ ಹಂಗಿನಿಂದ ಬಿಡಿಸಿದ ಆ ದಿನ, ಮೂಲವಸ್ತುವಿನ ಪತ್ತೆಗಿಂತ ಯಾವ ರೀತಿಯಲ್ಲೂ ಚಿಕ್ಕದಲ್ಲ. ಆದರೂ ದಿನವಿಶೇಷಗಳಲ್ಲಿ ಅದಕ್ಕೆ ಜಾಗವಿಲ್ಲದಿರುವುದು ಬೇಸರದ ಸಂಗತಿ.

ಇತ್ತ ಇಂಗ್ಲೆಂಡಿನ ಯುದ್ಧ ಇಲಾಖೆಯ ನೌಕರರಾಗಿದ್ದ ನಾರ್ಮನ್ ಲಾಕ್ಯರ್ ಗ್ರಹಣಕ್ಕೆ ಬಾರದೆಯೇ, ಇದೇ ವಿಧಾನವನ್ನು ಸ್ವತಂತ್ರವಾಗಿ ಯೋಚಿಸಿ, ಅಕ್ಟೋಬರ್ 20ರಂದು ಲಂಡನ್ನಿನಿಂದಲೇ ಚಾಚಿಕೆಗಳ ಗೆರೆಗಳನ್ನು ಕಂಡರು. ಇಬ್ಬರ ವರದಿಗಳೂ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಒಂದೇ ಸಭೆಯ ಮುಂದೆ ಬಂದವು. ಫ್ರೆಂಚ್ ಸರ್ಕಾರ 1872ರಲ್ಲಿ ಇಬ್ಬರ ಮುಖಗಳನ್ನೂ ಅಕ್ಕಪಕ್ಕದಲ್ಲಿ ಕೆತ್ತಿದ ಪದಕವನ್ನು ಹೊರಡಿಸಿತು. ಹಳದಿ ಗೆರೆ ಡಿ ಅಲ್ಲವೆಂಬುದನ್ನು ಬಿಡುವಾಗಿ ಅಳೆದು ಖಚಿತಪಡಿಸಿಕೊಂಡವರು ಲಾಕ್ಯರ್. ಅದಕ್ಕೆ ‘ಡಿ3’ ಎಂಬ ಗುರುತು ಬಂತು. ಒತ್ತಡ, ಉಷ್ಣತೆಗಳು ಬದಲಾದಾಗ ಜಲಜನಕವೇ ಇಂಥ ಗೆರೆಯನ್ನು ಕೊಡಬಹುದೇ ಎಂಬುದನ್ನು ಅವರು ರಸಾಯನವಿಜ್ಞಾನಿ ಫ್ರಾಂಕ್‌ಲಂಡ್ ಜೊತೆ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದರು, ಗೆರೆ ಮೂಡಲಿಲ್ಲ. ಸೂರ್ಯನ ಗ್ರೀಕ್ ಹೆಸರಾದ ‘ಹೀಲಿಯೋಸ್’ನಿಂದ ಬಂದ ‘ಹೀಲಿಯಮ್’ ಎಂಬ ಹೆಸರು 1871ರಲ್ಲಿ ವಿಲಿಯಂ ಥಾಮ್ಸನ್ ಅವರ ಭಾಷಣದ ಮೂಲಕ ಬಹಿರಂಗವಾಯಿತು. ಲೋಹಗಳ ಹೆಸರಿಗೆ ಹಚ್ಚುವ ‘ಇಯಮ್’ ಪ್ರತ್ಯಯ ಈ ಅನಿಲದ ಹೆಸರಿನಲ್ಲಿ ಇಂದಿಗೂ ಉಳಿದಿದೆ.

ಭೂಮಿಯ ಮೇಲೆ ಯಾರೂ ಕಾಣದ ವಸ್ತುವನ್ನು ಒಂದು ಗೆರೆಯ ಬಲದಿಂದ ನಂಬಲು ಅನೇಕ ರಸಾಯನವಿಜ್ಞಾನಿಗಳು ಹಿಂಜರಿದರು. ಕೊನೆಗೆ 1895ರ ಮಾರ್ಚ್‌ನಲ್ಲಿ ವಿಲಿಯಂ ರಾಮ್ಸೆ, ಆರ್ಗಾನ್ ಅನಿಲವನ್ನು ಹುಡುಕುತ್ತ, ಕ್ಲೀವೈಟ್ ಎಂಬ ಯುರೇನಿಯಂ ಖನಿಜವನ್ನು ಆಮ್ಲದಲ್ಲಿ ಕಾಯಿಸಿ ಬಿಡುಗಡೆಯಾದ ಅನಿಲವನ್ನು ರೋಹಿತದರ್ಶಕದಲ್ಲಿ ನೋಡಿದಾಗ ಅದೇ ಹಳದಿ ಗೆರೆ ಕಂಡಿತು. ಸ್ವೀಡನ್ನಿನ ಉಪ್ಸಾಲಾದಲ್ಲಿ ಕ್ಲೀವ್ ಮತ್ತು ಲಾಂಗ್ಲೆಟ್ ಅವರಿಗೂ ಅದೇ ವರ್ಷ ಹೀಲಿಯಮ್ ಸಿಕ್ಕಿತು.

ಆಗಸ್ಟ್ 18ರ ನೆನಪನ್ನು ದಾಖಲಿಸುವವರು, ಶಾಲೆಗಳಲ್ಲಿ ಅದನ್ನು ಹೇಳಿಕೊಡುವವರು, ಹೀಲಿಯಮ್‌ನ ಬೆಳಕು ಕಣ್ಣಿಗೆ ಬಿದ್ದೂ ಗುರುತು ಸಿಗದೆ ಉಳಿದ ದಿನವೆಂದು ಅದನ್ನು ವಿವರಿಸಿ, ಗುಂಟೂರಿನ ಜೊತೆಗೆ ಜಮಖಂಡಿ ಮತ್ತು ವಿಜಯಪುರಗಳ ಹೆಸರನ್ನೂ ಸೇರಿಸಬೇಕು.