ನಿಮಗಿದು ಗೊತ್ತೆ? ಮತಪತ್ರದಲ್ಲಿ ಹೆಸರಿಲ್ಲ, ಗೆದ್ದದ್ದು ಅವರೇ!
2010ರಲ್ಲಿ ಅಮೆರಿಕದ ಅಲಾಸ್ಕಾ ರಾಜ್ಯದ ಸೆನೆಟರ್ ಲೀಸಾ ಮರ್ಕೌಸ್ಕಿ ಮರು ಆಯ್ಕೆಯಾದಾಗ ಮತಪತ್ರದಲ್ಲಿ ಅವರ ಹೆಸರೇ ಅಚ್ಚಾಗಿರಲಿಲ್ಲ! ರಿಪಬ್ಲಿಕನ್ ಪಕ್ಷದ ಒಳಚುನಾವಣೆಯಲ್ಲಿ ಜೋ ಮಿಲ್ಲರ್ ಎದುರು ಸೋತು ಅವರಿಗೆ ಟಿಕೆಟ್ ಕೈತಪ್ಪಿತ್ತು. ಆದರೂ ಕಣ ಬಿಡಲಿಲ್ಲ.

ಬೆಂಬಲಿಗರು ಮತಪತ್ರದ ಖಾಲಿ ಗೆರೆಯ ಮೇಲೆ ಅವರ ಹೆಸರನ್ನು ಕೈಯಾರೆ ಬರೆಯಬೇಕಿತ್ತು. ಪಕ್ಕದ ಪುಟ್ಟ ಅಂಡಾಕಾರವನ್ನೂ ಪೆನ್ನಿನಿಂದ ತುಂಬಬೇಕಿತ್ತು. ಹೆಸರೋ, ಬರೆಯಲು ಬಲು ತೊಡಕು. ಅದಕ್ಕೇ ಹೆಸರು ಮುದ್ರಿಸಿದ ಕೈಪಟ್ಟಿಗಳನ್ನು ಹಂಚಲಾಯಿತು. ಟಿ.ವಿ. ಜಾಹೀರಾತಿನಲ್ಲಿ ಸ್ಪೆಲಿಂಗ್ ಪಾಠವೂ ನಡೆಯಿತು. ಕೊನೆಗೆ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಆ ಹೆಸರು ಬರೆದರು. ಎಂಥ ನಿಷ್ಠೆ!

ಸ್ಪೆಲಿಂಗ್ ತಪ್ಪಿದ ಮತಗಳನ್ನು ಎಣಿಸಬಾರದೆಂದು ಮಿಲ್ಲರ್ ಕೋರ್ಟ್ ಮೆಟ್ಟಿಲೇರಿದರು. ಮತದಾರರ ಇಂಗಿತ ಸ್ಪಷ್ಟವಾಗಿದ್ದರೆ ಅಕ್ಷರದೋಷದಿಂದ ಮತ ಕೆಡುವುದಿಲ್ಲ ಎಂದಿತು ಅಲಾಸ್ಕಾ ಸುಪ್ರೀಂ ಕೋರ್ಟ್. ಗೆಲುವಿನ ಅಂತರ ಸುಮಾರು 10,000 ಮತ. ಹೀಗೆ ಹೆಸರು ಬರೆಸಿಕೊಂಡು ಸೆನೆಟ್ ಚುನಾವಣೆ ಗೆದ್ದದ್ದು 1954ರಲ್ಲಿ ದಕ್ಷಿಣ ಕೆರೊಲಿನಾದ ಸ್ಟ್ರಾಮ್ ಥರ್ಮಂಡ್ ಗೆದ್ದ ಬಳಿಕ ಇದೇ ಮೊದಲು.