ಕಸುವಿದ್ದರೆ ಸಾಲದು, ದಮ್ಮೂ ಬೇಕು

2025ರ ಏಪ್ರಿಲ್ 26ರಂದು ಪೋಲೆಂಡಿನ ಗ್ಲಿವಿತ್ಸೆ ನಗರದ ಎಂಎಂಎ (ಮಿಶ್ರ ಸಮರಕಲೆ) ಕಣದಲ್ಲಿ ಇಬ್ಬರು ಭೀಮಕಾಯರು ಎದುರುಬದುರಾದರು. ಒಬ್ಬರು, ‘ವರ್ಲ್ಡ್ಸ್ ಸ್ಟ್ರಾಂಗೆಸ್ಟ್ ಮ್ಯಾನ್’ ಪಟ್ಟವನ್ನು ಐದು ಸಲ ಗೆದ್ದ ಪೋಲೆಂಡಿನ ಮಾರಿಯುಷ್ ಪುಜಿಯಾನೊವ್‌ಸ್ಕಿ. ಇನ್ನೊಬ್ಬರು, 2017ರಲ್ಲಿ ಅದೇ ಪಟ್ಟ ಗೆದ್ದ ಇಂಗ್ಲೆಂಡಿನ ಎಡ್ಡಿ ಹಾಲ್. 2016ರಲ್ಲಿ 500 ಕಿಲೋ ಭಾರವನ್ನು ನೆಲದಿಂದ ಎತ್ತಿ ನಿಂತ ಮೊದಲಿಗ ಈ ಹಾಲ್. ಪಂದ್ಯ ಅರ್ಧ ನಿಮಿಷದಲ್ಲೇ ಮುಗಿಯಿತು, ಗೆಲುವು ಹಾಲ್ ಪಾಲಾಯಿತು. ಆದರೆ ತಿಳಿದುಕೊಳ್ಳಬೇಕಾದ ಕಥೆ ಇರುವುದು ಸೋತವರಲ್ಲಿ. ಅಂದು ಅವರಿಗೆ 48 ವರ್ಷ. ಭಾರ ಎತ್ತುವವರು ಹೊಡೆದಾಟದ ಕಲೆ ಕಲಿಯುವುದೆಂದರೆ ಏನೆಂಬುದನ್ನು ಅವರಷ್ಟು ದೀರ್ಘಕಾಲ, ಅವರಷ್ಟು ಬಹಿರಂಗವಾಗಿ ತೋರಿಸಿದವರು ಇನ್ನೊಬ್ಬರಿಲ್ಲ.

ಸ್ಟ್ರಾಂಗ್‌ಮನ್ ಸ್ಪರ್ಧೆ ನಮಗೆ ತೀರಾ ಅಪರಿಚಿತವೇನಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ಕಂಡವರಿಗೆ ಅದರ ಜೀವಾಳ ಗೊತ್ತು. ಸ್ಟ್ರಾಂಗ್‌ಮನ್ ಕಣದಲ್ಲಿ ಲಾರಿ ಎಳೆಯುತ್ತಾರೆ, ಎರಡೂ ಕೈಯಲ್ಲಿ ಭಾರ ಹಿಡಿದು ಓಡುತ್ತಾರೆ, ನೂರು ಕಿಲೋ ಮೀರಿದ ದುಂಡುಕಲ್ಲುಗಳನ್ನು ಎದೆಗವಚಿ ಕಟ್ಟೆಯ ಮೇಲಿಡುತ್ತಾರೆ. ಒಂದೊಂದು ಸುತ್ತೂ ಹೆಚ್ಚೆಂದರೆ ಒಂದೆರಡು ನಿಮಿಷದ್ದು. ಎಂಎಂಎ ಹಾಗಲ್ಲ. ಬಾಕ್ಸಿಂಗ್‌ನ ಗುದ್ದು, ಕರಾಟೆಯ ಒದೆತ, ಕುಸ್ತಿಯ ಪಟ್ಟು, ಜುಜುತ್ಸುವಿನ ಕೀಲು ತಿರುಚುವ ವಿದ್ಯೆ ಎಲ್ಲವೂ ಅಲ್ಲಿ ಸಲ್ಲುತ್ತವೆ. ಸಾಮಾನ್ಯವಾಗಿ ಐದೈದು ನಿಮಿಷದ ಮೂರು ಸುತ್ತು.

ಬಲಶಾಲಿಗಳು ಮುಗ್ಗರಿಸುವುದು ಈ ಹೊತ್ತಿನ ಲೆಕ್ಕದಲ್ಲೇ. ಭಾರ ಎತ್ತುವವರು ಉಸಿರು ಕಟ್ಟಿ, ಮೈಯೆಲ್ಲ ಬಿಗಿ ಮಾಡಿ, ಇದ್ದ ಕಸುವನ್ನೆಲ್ಲ ಒಂದೇ ಏಟಿಗೆ ಸುರಿಯುವುದನ್ನು ವರ್ಷಗಟ್ಟಲೆ ರೂಢಿಸಿಕೊಂಡಿರುತ್ತಾರೆ. ಕಾದಾಟದಲ್ಲಿ ಅದೇ ಅಭ್ಯಾಸ ಮುಳುವಾಗುತ್ತದೆ. ಉಸಿರು ಕಟ್ಟಿ ಗುದ್ದಿದರೆ ಮೂರು ನಿಮಿಷದಲ್ಲಿ ತೋಳು ಸೀಸದಂತೆ ಭಾರ. ಮಾಂಸಖಂಡ ಹೆಚ್ಚಿದಷ್ಟೂ ಅದು ಬೇಡುವ ಆಮ್ಲಜನಕವೂ ಹೆಚ್ಚು. ಇನ್ನೊಂದು ತಪ್ಪಂತೂ ಹೊಸಬರಾಗಿ ಬರುವ ಬಲಶಾಲಿಗಳಲ್ಲಿ ತೀರಾ ಸಾಮಾನ್ಯ. ಎದುರಾಳಿ ಮೇಲೆ ಕೂತಾಗ ಅವನ ಎದೆಗೆ ಎರಡೂ ಕೈ ಕೊಟ್ಟು, ಬೆಂಚ್ ಪ್ರೆಸ್ ಮಾಡಿದ ಹಾಗೆ ಮೇಲಕ್ಕೆ ನೂಕುತ್ತಾರೆ. ಜುಜುತ್ಸು ಬಲ್ಲವನು ಕಾಯುವುದೇ ಆ ನೀಳವಾದ ಕೈಗಾಗಿ. ಅದನ್ನು ಹಿಡಿದು, ಪಕ್ಕಕ್ಕೆ ತಿರುಗಿ, ಕಾಲನ್ನು ಮುಖದ ಮೇಲೆ ಹಾಯಿಸಿ ಹಿಂದಕ್ಕೆ ಒರಗಿದರೆ ಮೊಣಕೈ ಕೀಲು ಮುರಿಯುವ ಹಂತಕ್ಕೆ ಬರುತ್ತದೆ. ಎಷ್ಟೇ ದಪ್ಪ ತೋಳಿದ್ದರೂ ಆಮೇಲೆ ನೆಲ ತಟ್ಟಿ ಸೋಲೊಪ್ಪುವುದೊಂದೇ ದಾರಿ.

ಪುಜಿಯಾನೊವ್‌ಸ್ಕಿ ಬಾಲ್ಯದಲ್ಲಿ ಕ್ಯೋಕುಶಿನ್ ಕರಾಟೆ ಕಲಿತವರು. 2009ರ ಡಿಸೆಂಬರ್‌ನಲ್ಲಿ ತಮ್ಮ ದೇಶದ ಎಂಎಂಎ ಸಂಸ್ಥೆ ಕೆಎಸ್‌ಡಬ್ಲ್ಯುವಿನ ಕಣಕ್ಕೆ ಮೊದಲ ಸಲ ಇಳಿದಾಗ ಬಾಕ್ಸರ್ ಮಾರ್ಚಿನ್ ನೈಮನ್ ಅವರ ಕಾಲಿಗೆ ಒದ್ದೊದ್ದು ಮುಕ್ಕಾಲು ನಿಮಿಷದೊಳಗೆ ಗೆದ್ದರು. ಶಕ್ತಿಯೇ ಸಾಕೆಂದು ಅಭಿಮಾನಿಗಳಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಮರುವರ್ಷದ ಮೇ ತಿಂಗಳಲ್ಲಿ ಅಮೆರಿಕದ ವೂಸ್ಟರ್‌ನಲ್ಲಿ ಅಲ್ಲಿನ ಎಂಎಂಎ ಸಂಸ್ಥೆ ಯುಎಫ್‌ಸಿಯ ಮಾಜಿ ಹೆವಿವೇಟ್ ಚಾಂಪಿಯನ್ ಟಿಮ್ ಸಿಲ್ವಿಯಾ ಎದುರಾದರು. ಎರಡನೇ ಸುತ್ತಿಗೆ ಪುಜಿಯಾನೊವ್‌ಸ್ಕಿಯವರ ದಮ್ಮು ಮುಗಿದಿತ್ತು. ನೆಲಕ್ಕೆ ಬಿದ್ದು, ಗುದ್ದು ತಾಳಲಾರದೆ ಸೋಲೊಪ್ಪಿದರು.

ಹಣ, ಹೆಸರು ಎರಡೂ ಇದ್ದವರು ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಅವರು ಬಿಡಲಿಲ್ಲ. ಈ ಮನುಷ್ಯನ ಬಗ್ಗೆ ನನಗಿರುವ ಗೌರವಕ್ಕೆ ಮೂಲ ಅದೇ. ಜಗತ್ತೇ ಬಲಭೀಮನೆಂದು ಕೊಂಡಾಡಿದವರು ಕುಸ್ತಿ, ಜುಜುತ್ಸುಗಳನ್ನು ಅಆಇಈಯಿಂದ ಕಲಿಯಲು ಕೂತರು. ವರ್ಷಗಟ್ಟಲೆ ಬೆವರಿಳಿಸಿ ಕಟ್ಟಿದ ಮೈಯನ್ನು ಕೈಯಾರೆ ಇಳಿಸಿದರು. ಮುಂದೆಯೂ ಸೋತರು, ಗೆದ್ದರು, ಮತ್ತೆ ಸೋತರು. ಒಟ್ಟು 25ಕ್ಕೂ ಹೆಚ್ಚು ಪಂದ್ಯಗಳಾದವು. 2021ರಲ್ಲಿ ಸೆನೆಗಲ್‌ನ ಹೆಸರಾಂತ ಕುಸ್ತಿಪಟು ‘ಬಾಂಬಾರ್ಡಿಯರ್’ ಅವರನ್ನು 18 ಸೆಕೆಂಡಿನಲ್ಲಿ ಕೆಡವಿದರು. 2022ರ ಮೇ ತಿಂಗಳಲ್ಲಿ ಮಿಡಲ್‌ವೇಟ್ ಮಾಜಿ ಚಾಂಪಿಯನ್ ಮಿಹಾವ್ ಮಾತೆರ್ಲಾ ಅವರನ್ನು ಮೊದಲ ಸುತ್ತಿನಲ್ಲೇ ಒಂದು ಅಪ್ಪರ್‌ಕಟ್‌ನಿಂದ ಮಲಗಿಸಿದರು. ಅವರ ಗೆಲುವುಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು. ಮಾತೆರ್ಲಾ ತೂಕದಲ್ಲಿ ಕಡಿಮೆ, ನಿಜ. ಆದರೆ ನೆಲದ ಆಟದಲ್ಲಿ ಪಳಗಿದವರು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಲೆಕ್ಕ ತಿರುಗಿತು. 84 ಕಿಲೋ ವಿಭಾಗದಲ್ಲಿ ಹೆಸರು ಮಾಡಿದ ಮಾಮೆದ್ ಖಾಲಿದೋವ್ ಪುಜಿಯಾನೊವ್‌ಸ್ಕಿಯವರನ್ನು ಕೆಡವಿ, ಮೇಲೆ ಕೂತು, ಎರಡು ನಿಮಿಷದೊಳಗೆ ಸೋಲೊಪ್ಪಿಸಿದರು. ತೂಕದ ಅಂತರ ಕಣ್ಣಿಗೆ ರಾಚುವಷ್ಟಿತ್ತು. ಹದಿಮೂರು ವರ್ಷ ಕಲಿತವರಿಗೂ, ಬದುಕಿಡೀ ಅದನ್ನೇ ಮಾಡಿದವರಿಗೂ ಇರುವ ಅಂತರ ಅದಕ್ಕಿಂತ ದೊಡ್ಡದಾಗಿತ್ತು.

ಬಲ ವ್ಯರ್ಥವೆಂದು ಇದರಿಂದ ತೀರ್ಮಾನಿಸಬೇಕಿಲ್ಲ. ವಿದ್ಯೆ ಸರಿಸಮವಿದ್ದಾಗ ಬಲವಂತನೇ ಮೇಲುಗೈ ಸಾಧಿಸುತ್ತಾನೆ. ತೂಕದ ವಿಭಾಗಗಳಿರುವುದೇ ಅದಕ್ಕೆ. ನಮ್ಮ ಊರುಗಳ ಜಿಮ್‌ಗಳಲ್ಲಿ ಮೈ ಬೆಳೆಸಿ, ಇನ್ನು ಎಂಎಂಎಗೆ ಇಳಿದೇಬಿಡುತ್ತೇನೆ ಎನ್ನುವ ಹುಡುಗರು ಮೊದಲು ಒಬ್ಬ ಒಳ್ಳೆಯ ಉಸ್ತಾದರ ಬಳಿ ಹೋಗಿ ಬೀಳುವುದನ್ನು, ಉಸಿರಾಡುವುದನ್ನು ಕಲಿಯಲಿ. ಹೋಗುವ ಮುನ್ನ ಪುಜಿಯಾನೊವ್‌ಸ್ಕಿಯವರ ಎರಡು ಪಂದ್ಯ ನೋಡಲಿ: 2010ರಲ್ಲಿ ಸಿಲ್ವಿಯಾ ಎದುರು ಸೋತದ್ದು, 2022ರಲ್ಲಿ ಮಾತೆರ್ಲಾ ಎದುರು ಗೆದ್ದದ್ದು. ನಡುವೆ ಹನ್ನೆರಡು ವರ್ಷಗಳ ಕಲಿಕೆಯಿದೆ.