ಕೈಯಲ್ಲಿರುವ ಮೊಬೈಲಿನಲ್ಲಿ ವೈಫೈ ನಿಧಾನವಾದಾಗ

ತರಗತಿಯ ನಡುವೆ ಅಧ್ಯಾಪಕರು ದೃಶ್ಯಪಾಠವೊಂದನ್ನು ತೋರಿಸಲೆಂದು ಮೊಬೈಲನ್ನೋ ಟ್ಯಾಬನ್ನೋ ತೆರೆಯುತ್ತಾರೆ. ಪರದೆಯ ಮೇಲೆ ವೃತ್ತವೊಂದು ತಿರುಗತೊಡಗುತ್ತದೆ. ಅರ್ಧ ನಿಮಿಷ ಮಕ್ಕಳು ಸುಮ್ಮನಿರುತ್ತಾರೆ. ಒಂದು ನಿಮಿಷಕ್ಕೆ ಹಿಂದಿನ ಬೆಂಚಿನಲ್ಲಿ ಗುಸುಗುಸು. ಎರಡನೆಯ ನಿಮಿಷಕ್ಕೆ ಅಧ್ಯಾಪಕರು "ಇವತ್ತು ನೆಟ್ ಇಲ್ಲ" ಎಂದು ಫೋನನ್ನು ಬದಿಗಿಟ್ಟು ಪುಸ್ತಕ ಹಿಡಿಯುತ್ತಾರೆ. ಪುಸ್ತಕ ಹಿಡಿದುದರಿಂದ ನಷ್ಟವೇನೂ ಇಲ್ಲ. ಆದರೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಈ ಎರಡು ನಿಮಿಷಗಳಿಗೆ ಬೇರೊಂದು ಬೆಲೆಯೂ ಇದೆ. ಮಲಯಾಳದಲ್ಲಿ ಒಂದೇ ಪಾಠಕ್ಕೆ ಹಲವು ದೃಶ್ಯಪಾಠಗಳು ದೊರೆಯುತ್ತವೆ. ಕೇರಳದ ಪಠ್ಯಕ್ರಮಕ್ಕೆ ಹೊಂದುವಂಥದು ಕನ್ನಡದಲ್ಲಿ ಒಂದು ದೊರೆತರೂ ಅದು ಭಾಗ್ಯವೇ ಸರಿ. 2020ರ ಜೂನ್ ತಿಂಗಳಿನಲ್ಲಿ ಕೈಟ್ ವಿಕ್ಟರ್ಸ್ ವಾಹಿನಿಯ 'ಫಸ್ಟ್ ಬೆಲ್' ತರಗತಿಗಳು ಆರಂಭವಾದ ಬಳಿಕ ಕನ್ನಡ ಮಾಧ್ಯಮದ ಪಾಠಗಳನ್ನು ಪ್ರತ್ಯೇಕವಾಗಿ ಸಿದ್ಧಪಡಿಸಬೇಕಾಯಿತು. ಅದರ ಹಿಂದಿನ ಶ್ರಮವನ್ನು ನಮ್ಮಲ್ಲಿ ಹಲವರು ಬಲ್ಲರು. ಅಂಥ ಪಾಠ ತರಗತಿಯಲ್ಲಿ ತೆರೆಯದೆ ಹೋದರೆ ಮಗು ಮನೆಗೆ ಹೋಗಿ ಸುಲಭವಾಗಿ ಸಿಗುವ ಬೇರೆ ಭಾಷೆಯ ಪಾಠವನ್ನು ನೋಡುತ್ತದೆ. ಆದುದರಿಂದ ವೈಫೈ ನಿಧಾನವಾದಾಗ ಅದರ ಕಾರಣವನ್ನು ಸ್ವತಃ ಹುಡುಕಬಲ್ಲ ಸಾಮರ್ಥ್ಯ ಕನ್ನಡದ ಅಧ್ಯಾಪಕರಿಗೆ ಅವಶ್ಯವೆಂದು ನನ್ನ ಅಭಿಪ್ರಾಯ. ಇದಕ್ಕೆ ಎಂಜಿನಿಯರಿಂಗ್ ಜ್ಞಾನ ಬೇಕಿಲ್ಲ. ಕ್ರಮವಾಗಿ ಪ್ರಶ್ನೆ ಕೇಳುವ ಅಭ್ಯಾಸ ಸಾಕು.

"ನೆಟ್ ಇಲ್ಲ" ಎಂಬುದು "ಮೈ ಸರಿಯಿಲ್ಲ" ಎಂಬ ಮಾತಿನಂತೆ. ಅದರಿಂದ ಕಾಯಿಲೆ ಯಾವುದೆಂದು ತಿಳಿಯದು. ನಾವು ಬೇಡಿದ ದೃಶ್ಯಪಾಠವು ಮೂರು ಹಾದಿಗಳನ್ನು ದಾಟಿ ನಮ್ಮ ಕೈಗೆ ಬರುತ್ತದೆ. ಹೊರಗಿನಿಂದ ಶಾಲೆಯ ರೌಟರಿನವರೆಗೆ ತಂತಿಯ ಅಥವಾ ಫೈಬರಿನ ಹಾದಿ; ರೌಟರಿನಿಂದ ಫೋನಿನವರೆಗೆ ಗಾಳಿಯಲ್ಲಿ ರೇಡಿಯೊ ಅಲೆಗಳ ಹಾದಿ; ಕೊನೆಯದಾಗಿ ಫೋನಿನ ಒಳಗಿನ ಹಾದಿ. ಇವುಗಳಲ್ಲಿ ಎಲ್ಲಿ ಅಡ್ಡಿಯಾದರೂ ಪರದೆಯ ಮೇಲೆ ಕಾಣುವುದು ಅದೇ ತಿರುಗುವ ವೃತ್ತ. ಫೋನಿನ ಮೇಲ್ತುದಿಯಲ್ಲಿರುವ ಬೀಸಣಿಗೆಯಾಕಾರದ ಗುರುತು ಪೂರ್ಣವಾಗಿದ್ದರೆ ನೆಟ್ ಚೆನ್ನಾಗಿದೆಯೆಂದು ಅನೇಕರು ತಿಳಿಯುತ್ತಾರೆ. ಆ ಗುರುತು ತೋರಿಸುವುದು ಗಾಳಿಯ ಹಾದಿಯ ಬಲವನ್ನು ಮಾತ್ರ. ರೌಟರಿನಿಂದ ಹೊರಗಿನ ಫೈಬರು ಕಡಿದು ಬಿದ್ದಿದ್ದರೂ ಬೀಸಣಿಗೆ ಪೂರ್ಣವಾಗಿಯೇ ಇರಬಹುದು.

ಹೀಗಾಗಿ ಮೊದಲು ಕೇಳಬೇಕಾದುದು: ನಿಧಾನವಾಗಿರುವುದು ನನ್ನ ಫೋನಿಗೆ ಮಾತ್ರವೋ, ಎಲ್ಲರ ಫೋನಿಗೂ ಹೀಗೆಯೋ? ಪಕ್ಕದ ತರಗತಿಯ ಸಹೋದ್ಯೋಗಿಯ ಫೋನನ್ನು ಅದೇ ಸ್ಥಳಕ್ಕೆ ತಂದು, ಅದೇ ವೈಫೈಗೆ ಜೋಡಿಸಿ, ಅದೇ ಪಾಠವನ್ನು ತೆರೆಯಬೇಕು. ಅವರಲ್ಲಿ ತೆರೆದರೆ ದೋಷ ನನ್ನ ಫೋನಿನೊಳಗಿದೆ. ಅವರಲ್ಲಿಯೂ ತೆರೆಯದಿದ್ದರೆ ಇಬ್ಬರೂ ರೌಟರಿನ ಬಳಿಗೆ ಹೋಗಿ, ಎರಡು ಮೂರು ಮೀಟರ್ ದೂರದಲ್ಲಿ ನಿಂತು ಮತ್ತೆ ನೋಡಬೇಕು. ಅಲ್ಲಿ ವೇಗ ಬಂದರೆ ಅಡ್ಡಿ ಗಾಳಿಯ ಹಾದಿಯಲ್ಲಿದೆ. ಅಲ್ಲಿಯೂ ಬಾರದಿದ್ದರೆ ರೌಟರಿನಲ್ಲಿ ಅಥವಾ ಅದರಿಂದಾಚೆಗೆ ಇದೆ. ಐದು ನಿಮಿಷದ ಈ ಪರೀಕ್ಷೆಯನ್ನು ಮಾಡದೆ ಕಂಪೆನಿಗೆ ಫೋನು ಮಾಡುವವರೇ ಹೆಚ್ಚು. ನಾನೂ ಹಾಗೆಯೇ ಮಾಡುತ್ತಿದ್ದೆ.

ಫೋನಿನ ಒಳಗೆ

ಕೆಲವು ವರ್ಷಗಳ ಹಿಂದೆ ಎರಡು ದಿನಗಳ ತರಬೇತಿ ಶಿಬಿರವೊಂದನ್ನು ನಡೆಸುತ್ತಿದ್ದೆ. ಎರಡನೆಯ ದಿನ ಪಠ್ಯಪುಸ್ತಕದ ಕ್ಯೂಆರ್ ಸಂಕೇತದಿಂದ ಪಾಠ ತೆರೆಯುವ ಚಟುವಟಿಕೆ. ಯಾರ ಫೋನಿನಲ್ಲಿಯೂ ಏನೂ ತೆರೆಯಲಿಲ್ಲ. "ಇಲ್ಲಿಯ ಲೈನೇ ಹೀಗೆ" ಎಂದು ನಾನು ಎಲ್ಲರೆದುರು ತೀರ್ಪು ಕೊಟ್ಟೆ. ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದ ಅಧ್ಯಾಪಿಕೆಯೊಬ್ಬರು "ಸರ್, ನಿಮ್ಮ ಫೋನನ್ನು ಒಮ್ಮೆ ನೋಡಬಹುದೇ?" ಎಂದು ಕೇಳಿದರು. ಹಿಂದಿನ ದಿನ ನಾನು ತೆಗೆದಿದ್ದ ಶಿಬಿರದ ಫೋಟೋಗಳೂ ವಿಡಿಯೋಗಳೂ ಒಂದೊಂದಾಗಿ ತಾವಾಗಿಯೇ ಸಂಗ್ರಹಕ್ಕೆ ಏರುತ್ತಿದ್ದವು. ಆ ಕಾರ್ಯವನ್ನು ನಿಲ್ಲಿಸಿದೊಡನೆ ಮೂವತ್ತು ಮಂದಿಯ ಫೋನುಗಳಲ್ಲಿ ಪಾಠ ತೆರೆಯಿತು. ಲೈನಿನ ಮೇಲೆ ಹೊರಿಸಿದ ಅಪವಾದವನ್ನು ಹಿಂದೆಗೆದುಕೊಂಡೆ.

ಒಬ್ಬರ ಫೋನು ಏರಿಸುತ್ತಿದ್ದರೆ ಇತರರ ಇಳಿಕೆ ಏಕೆ ನಿಲ್ಲಬೇಕು? ಇಳಿಕೆಯೆಂದರೆ ಒಮ್ಮುಖದ ಹರಿವೆಂದು ನಮ್ಮ ಭಾವನೆ. ವಾಸ್ತವದಲ್ಲಿ ಪಾಠದ ಒಂದೊಂದು ಕಂತು ಬಂದಾಗಲೂ "ತಲುಪಿತು, ಮುಂದಿನದನ್ನು ಕಳುಹಿಸು" ಎಂಬ ಪುಟ್ಟ ಮರುಸಂದೇಶವನ್ನು ನಮ್ಮ ಫೋನು ಕಳುಹಿಸುತ್ತಿರಬೇಕಾಗುತ್ತದೆ. ಏರಿಕೆಯ ಹಾದಿ ಕಿರಿದಾಗಿರುವ ಸಂಪರ್ಕಗಳಲ್ಲಿ ದೊಡ್ಡ ವಿಡಿಯೋವೊಂದು ಆ ಹಾದಿಯನ್ನು ತುಂಬಿಕೊಂಡರೆ ಈ ಮರುಸಂದೇಶಗಳು ಅದರ ಹಿಂದೆ ಕಾಯುತ್ತವೆ; ಅವು ತಡವಾದಂತೆ ಇಳಿಕೆಯೂ ತಡವಾಗುತ್ತದೆ. ಆದುದರಿಂದ ಶಾಲೆಯ ವೈಫೈಗೆ ಜೋಡಿಸುವ ಮುನ್ನ ಫೋಟೋ ಸಂಗ್ರಹದ ಸ್ವಯಂಚಾಲಿತ ಏರಿಕೆಯನ್ನೂ ಆ್ಯಪ್‌ಗಳ ಸ್ವಯಂಚಾಲಿತ ನವೀಕರಣವನ್ನೂ ತಡೆಹಿಡಿಯುವುದು ಸಭ್ಯತೆಯ ಲಕ್ಷಣವೇ ಆಗಿದೆ.

ಫೋನಿನೊಳಗಿನ ಉಳಿದ ಕಾರಣಗಳು ಸರಳ. ಬ್ಯಾಟರಿ ಉಳಿಸುವ ವ್ಯವಸ್ಥೆ ಅಥವಾ ಡೇಟಾ ಉಳಿಸುವ ವ್ಯವಸ್ಥೆ ಚಾಲನೆಯಲ್ಲಿದ್ದರೆ ಅದು ಜಾಲದ ಬಳಕೆಯನ್ನು ಬಿಗಿಹಿಡಿಯುತ್ತದೆ. ಯಾವಾಗಲೋ ಹಾಕಿಕೊಂಡು ಮರೆತ ವಿಪಿಎನ್ ಆ್ಯಪ್ ಇದ್ದರೆ ನಮ್ಮ ಬೇಡಿಕೆ ದೂರದ ಯಾವುದೋ ಊರಿಗೆ ಹೋಗಿ ಮರಳುತ್ತದೆ. ಸಂಗ್ರಹ ಸ್ಥಳ ತುಂಬಿ ತುಳುಕುತ್ತಿರುವ ಫೋನು ನೆಟ್ ಚೆನ್ನಾಗಿದ್ದರೂ ನಿಧಾನವಾಗಿಯೇ ತೋರುತ್ತದೆ. ಅಧ್ಯಾಪಕರ ಫೋನುಗಳಲ್ಲಿ ಗುಂಪುಗಳಿಂದ ಬಂದ ಶುಭೋದಯದ ಚಿತ್ರಗಳಿಗೆ ಇದರಲ್ಲಿ ದೊಡ್ಡ ಪಾಲಿದೆ. ಯಾವುದೂ ತಿಳಿಯದಿದ್ದರೆ ಫೋನನ್ನೊಮ್ಮೆ ಆರಿಸಿ ಹಚ್ಚುವುದು, ಬಳಿಕ ವೈಫೈ ಪಟ್ಟಿಯಿಂದ ಶಾಲೆಯ ಜಾಲವನ್ನು ಅಳಿಸಿ, ಗುಪ್ತಪದ ಕೊಟ್ಟು ಹೊಸದಾಗಿ ಸೇರುವುದು ಫಲಕಾರಿ. ಗುಪ್ತಪದ ಬಲ್ಲವರು ಶಾಲೆಯಲ್ಲಿ ಇರುವಾಗಲೇ ಇದನ್ನು ಮಾಡತಕ್ಕದ್ದು.

ಗಾಳಿಯ ಹಾದಿ

ನಮ್ಮ ಶಾಲೆಗಳಲ್ಲಿ ಹೆಚ್ಚಿನ ಅಡ್ಡಿ ಇರುವುದು ಇಲ್ಲಿಯೇ ಎಂದು ನನ್ನ ಅನುಭವ. ರೌಟರು ಸಾಮಾನ್ಯವಾಗಿ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಇರುತ್ತದೆ; ಅದೂ ಸುರಕ್ಷಿತವೆಂಬ ಕಾರಣಕ್ಕೆ ಕಬ್ಬಿಣದ ಕಪಾಟಿನ ಮೇಲೆ ಅಥವಾ ಹಿಂದೆ. ಲೋಹವು ರೇಡಿಯೊ ಅಲೆಗಳನ್ನು ದಾಟಗೊಡುವುದಿಲ್ಲ, ಮರಳಿ ಚಿಮ್ಮಿಸುತ್ತದೆ. ಕಪಾಟಿನ ಹಿಂಬದಿಯ ತರಗತಿಗೆ ಅದು ಗ್ರಹಣ ಹಿಡಿದಂತೆ. ಇನ್ನು ಗೋಡೆಗಳು: ನಮ್ಮಲ್ಲಿಯ ಹಳೆಯ ಕಟ್ಟಡಗಳು ಮುರಕಲ್ಲಿನವು. ದಪ್ಪ ಗೋಡೆ, ಅದರಲ್ಲಿ ಸಣ್ಣ ಸಣ್ಣ ರಂಧ್ರಗಳು. ಮಳೆಗಾಲದಲ್ಲಿ ಅದು ನೀರು ಕುಡಿದು ನಿಲ್ಲುತ್ತದೆ. ನೀರು ಈ ಅಲೆಗಳನ್ನು ಹೀರಿಕೊಳ್ಳುವುದರಿಂದ ಬೇಸಿಗೆಯಲ್ಲಿ ದಾಟಿದ ಸಂಕೇತ ಆಟಿ ತಿಂಗಳಿನಲ್ಲಿ ಅದೇ ಗೋಡೆಯನ್ನು ಹಾಯ್ದು ಬರುವಾಗ ಇನ್ನಷ್ಟು ಸೊರಗುತ್ತದೆ. ಮನುಷ್ಯ ಶರೀರದಲ್ಲಿಯೂ ನೀರೇ ಹೆಚ್ಚು. ಖಾಲಿ ತರಗತಿಯಲ್ಲಿ ಹಿಂದಿನ ಸಂಜೆ ಚೆನ್ನಾಗಿದ್ದ ವೈಫೈ ಮರುದಿನ ನಲವತ್ತು ಮಕ್ಕಳು ತುಂಬಿದಾಗ ಕುಗ್ಗುವುದಕ್ಕೆ ಇದೂ ಒಂದು ಕಾರಣ.

ಪರಿಹಾರವೆಂದರೆ ರೌಟರನ್ನು ಸಾಧ್ಯವಾದಷ್ಟು ಎತ್ತರದಲ್ಲಿ, ತೆರೆದ ಜಾಗದಲ್ಲಿ, ಬಾಗಿಲು ಕಿಟಕಿಗಳ ನೇರಕ್ಕೆ ಬರುವಂತೆ ಇಡುವುದು. ಅಲೆಗಳು ಗೋಡೆಗಿಂತ ತೆರೆದ ಬಾಗಿಲನ್ನು ಸುಲಭವಾಗಿ ದಾಟುತ್ತವೆ. ಉದ್ದನೆಯ ತಂತಿಯೊಂದರಿಂದ ರೌಟರನ್ನು ಜಗಲಿಯ ನಡುಭಾಗದ ಗೋಡೆಗೆ ತಂದರೆ ಎರಡು ಬದಿಯ ತರಗತಿಗಳಿಗೂ ಅನುಕೂಲ. ಮಳೆಯ ಎರಚಲಿನಿಂದ ರಕ್ಷಣೆ ಮಾತ್ರ ಬೇಕು.

ಅನೇಕ ರೌಟರುಗಳು ಎರಡು ಹೆಸರಿನ ಜಾಲಗಳನ್ನು ತೋರಿಸುತ್ತವೆ. ಒಂದರ ಕೊನೆಯಲ್ಲಿ 5ಜಿ ಎಂದಿರುತ್ತದೆ. ಇದು ಮೊಬೈಲ್ ಕಂಪೆನಿಗಳ 5ಜಿ ಅಲ್ಲ. 5 ಗಿಗಾಹರ್ಟ್ಜ್ ಕಂಪನದ ಅಲೆ ಎಂದರ್ಥ. ಇನ್ನೊಂದು 2.4 ಗಿಗಾಹರ್ಟ್ಜಿನದು. ಮೊದಲನೆಯದಕ್ಕೆ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಎರಡನೆಯದು ದೂರ ಹೋಗುತ್ತದೆ, ಆದರೆ ನೆರೆಹೊರೆಯ ರೌಟರು, ಬ್ಲೂಟೂತ್ ಉಪಕರಣ, ಮೈಕ್ರೋವೇವ್ ಒಲೆ ಎಲ್ಲವೂ ಅದೇ ಪಟ್ಟಿಯಲ್ಲಿ ಗದ್ದಲವೆಬ್ಬಿಸುತ್ತವೆ. ರೌಟರಿರುವ ಕೊಠಡಿಯಲ್ಲಿ ಕುಳಿತವರು 5 ಗಿಗಾಹರ್ಟ್ಜಿನ ಜಾಲವನ್ನು, ದೂರದ ತರಗತಿಯವರು 2.4ರ ಜಾಲವನ್ನು ಆರಿಸಿಕೊಳ್ಳುವುದು ಲೇಸು. ಹಳೆಯ, ಅಗ್ಗದ ಫೋನುಗಳಲ್ಲಿ 2.4 ಮಾತ್ರ ಇರುವುದುಂಟು. ಅವುಗಳಿಗೆ ಆಯ್ಕೆಯೇ ಇಲ್ಲ.

ಗಾಳಿಯ ಹಾದಿಯನ್ನು ಎಲ್ಲರೂ ಸರದಿಯಲ್ಲಿ ಬಳಸಬೇಕೆಂಬುದು ಮತ್ತೊಂದು ಸಂಗತಿ. ಸಾರ್ವಜನಿಕ ನಳ್ಳಿಯೊಂದರ ಮುಂದೆ ಕೊಡಗಳ ಸಾಲಿದೆಯೆಂದು ಭಾವಿಸೋಣ. ಅಗಲ ಬಾಯಿಯ ಕೊಡಗಳು ಬೇಗ ತುಂಬಿ ಸರಿಯುತ್ತವೆ. ನಡುವೆ ಕಿರುಬಾಯಿಯ ಪಾತ್ರೆಯೊಂದು ಬಂದರೆ ನೀರನ್ನು ಸಣ್ಣಗೆ ಬಿಡಬೇಕಾಗುತ್ತದೆ, ಹಿಂದಿನವರೆಲ್ಲ ಕಾಯಬೇಕಾಗುತ್ತದೆ. ಆಟದ ಬಯಲಿನ ತುದಿಯಲ್ಲಿ ನಿಂತು ಕ್ಷೀಣ ಸಂಕೇತದಲ್ಲಿ ವಿಡಿಯೋ ನೋಡುತ್ತಿರುವ ಒಂದು ಫೋನು ಆ ಕಿರುಬಾಯಿಯ ಪಾತ್ರೆಯಂತೆ. ಅಷ್ಟೇ ಪ್ರಮಾಣದ ಮಾಹಿತಿಗೆ ಅದು ಹಲವು ಪಟ್ಟು ಹೆಚ್ಚು ಸಮಯವನ್ನು ತೆಗೆದುಕೊಳ್ಳುತ್ತದೆ. ತರಬೇತಿಗಳಲ್ಲಿ ಬಳಸದಿರುವ ಫೋನುಗಳ ವೈಫೈಯನ್ನು ಆರಿಸಿರೆಂದು ನಾನು ಕೇಳಿಕೊಳ್ಳುವುದು ಇದಕ್ಕಾಗಿಯೇ.

ಹೊರಗಿನ ಹಾದಿ

ರೌಟರಿನ ಪಕ್ಕದಲ್ಲಿಯೂ ಎಲ್ಲರಿಗೂ ನಿಧಾನವಾಗಿದ್ದರೆ ರೌಟರನ್ನು ಆರಿಸಿ, ಒಂದು ನಿಮಿಷ ಬಿಟ್ಟು ಹಚ್ಚಬೇಕು. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ದೀಪ ಕೆಂಪಾಗಿ ಉರಿಯುತ್ತಿದ್ದರೆ ಬೆಳಕಿನ ಸಂಕೇತವೇ ಬರುತ್ತಿಲ್ಲವೆಂದು ಅರ್ಥ; ಆಗ ನಾವು ಮಾಡಬಹುದಾದುದು ದೂರು ಕೊಡುವುದೊಂದೇ. ದೀಪಗಳೆಲ್ಲ ಸರಿಯಿದ್ದೂ ತಿಂಗಳ ಕೊನೆಯ ವಾರದಲ್ಲಿ ಮಾತ್ರ ನಿಧಾನವಾಗುತ್ತಿದ್ದರೆ ಯೋಜನೆಯ ಡೇಟಾ ಮಿತಿ ಮುಗಿದು ವೇಗವನ್ನು ಇಳಿಸಿರುವ ಸಾಧ್ಯತೆಯಿದೆ.

ವೇಗವನ್ನು ಅಳೆಯಲು ಆ್ಯಪ್‌ಗಳಿವೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 'ಮೈಸ್ಪೀಡ್' ಅವುಗಳಲ್ಲಿ ಒಂದು. ಅಂಕಿಗಳನ್ನು ಓದುವಾಗ ಒಂದು ಎಚ್ಚರಿಕೆ ಬೇಕು. ಯೋಜನೆಯಲ್ಲಿ ಹೇಳುವ 40 ಎಂಬಿಪಿಎಸ್ ಎಂಬುದು ಮೆಗಾಬಿಟ್‌ಗಳ ಲೆಕ್ಕ. ಕಡತಗಳ ಗಾತ್ರ ಮೆಗಾಬೈಟ್‌ಗಳ ಲೆಕ್ಕ. ಎಂಟು ಬಿಟ್‌ಗಳಿಗೆ ಒಂದು ಬೈಟ್. ಎಂದರೆ 40 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ 5 ಮೆಗಾಬೈಟ್ ಇಳಿಯುತ್ತದೆ, 100 ಮೆಗಾಬೈಟಿನ ಪಾಠಕ್ಕೆ 20 ಸೆಕೆಂಡು ಸಾಕು. ವೇಗ 4ಕ್ಕೆ ಇಳಿದರೆ ಅದೇ ಪಾಠಕ್ಕೆ 200 ಸೆಕೆಂಡು ಬೇಕು. ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಇರಬೇಕಾದ ಕನಿಷ್ಠ ಇಳಿಕೆಯ ವೇಗವನ್ನು 2023ರಲ್ಲಿ 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಲಾಗಿದೆ. ಪೂರ್ಣ ಎಚ್‌ಡಿ ವಿಡಿಯೋಗೆ ಸುಮಾರು 5 ಎಂಬಿಪಿಎಸ್ ಬೇಕಾದರೂ ವಿಡಿಯೋದ ಗುಣಮಟ್ಟವನ್ನು 480ಕ್ಕೆ ಇಳಿಸಿದರೆ ಒಂದೂವರೆ ಎಂಬಿಪಿಎಸ್‌ನಲ್ಲಿಯೂ ಸಾಮಾನ್ಯವಾಗಿ ಅಡೆತಡೆಯಿಲ್ಲದೆ ನಡೆಯುತ್ತದೆ. ತರಗತಿಗೆ ಅಷ್ಟು ಸ್ಪಷ್ಟತೆ ಸಾಕು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಹೀಗೆ ಮೂರು ದಿನ ಅಳೆದು ದಿನಾಂಕದೊಡನೆ ಬರೆದಿಟ್ಟ ಅಂಕಿಗಳಿದ್ದರೆ ಕಂಪೆನಿಗೆ ಕೊಡುವ ದೂರಿಗೆ ಬಲ ಬರುತ್ತದೆ.

ಶಾಲೆಯಲ್ಲಿ ವೈಫೈ ಇಲ್ಲದೆ ಅಧ್ಯಾಪಕರ ಫೋನಿನ ಹಾಟ್‌ಸ್ಪಾಟನ್ನೇ ಅವಲಂಬಿಸಿರುವವರು ಇನ್ನೊಂದನ್ನು ಗಮನಿಸಬೇಕು. ತಲಪಾಡಿಯಂಥ ಗಡಿ ಪ್ರದೇಶಗಳಲ್ಲಿ ಫೋನು ಒಮ್ಮೆ ಕೇರಳದ ಟವರನ್ನೂ ಮತ್ತೊಮ್ಮೆ ಕರ್ನಾಟಕದ ಟವರನ್ನೂ ಹಿಡಿಯುವುದುಂಟು. ಕೆಲವು ಫೋನುಗಳಲ್ಲಿ ಡೇಟಾ ರೋಮಿಂಗ್ ಆರಿಸಿದ್ದರೆ ಟವರು ಬದಲಾದೊಡನೆ ನೆಟ್ ನಿಲ್ಲುತ್ತದೆ. ಗಡಿಯವರಾದ ನಮಗೆ ಆ ಸೆಟ್ಟಿಂಗು ಎಲ್ಲಿದೆಯೆಂಬುದು ತಿಳಿದಿರಬೇಕು.

ನಾವೇ ಹೊರಿಸುವ ಭಾರ

ಅಧ್ಯಾಪಕರ ಗುಂಪುಗಳಲ್ಲಿ ಕನ್ನಡದ ಟಿಪ್ಪಣಿಗಳು ಇಂದಿಗೂ ಹೆಚ್ಚಾಗಿ ಫೋಟೋ ರೂಪದಲ್ಲಿಯೇ ಬರುತ್ತವೆ. ಹಿಂದೆ ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದುದು ಇನ್ನೊಬ್ಬರ ಯಂತ್ರದಲ್ಲಿ ಅರ್ಥಹೀನ ಗುರುತುಗಳಾಗಿ ಕಾಣುತ್ತಿದ್ದುದರಿಂದ ಈ ರೂಢಿ ಬೆಳೆಯಿತು. ಯೂನಿಕೋಡ್ ಬಂದ ಮೇಲೆ ಅದರ ಅಗತ್ಯವಿಲ್ಲ. ಜಾಲದಲ್ಲಿ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್ ತಗಲುತ್ತದೆ. 'ಕನ್ನಡ' ಎಂಬ ಪದದಲ್ಲಿ ವಿರಾಮ ಚಿಹ್ನೆ ಸೇರಿ 5 ಸಂಕೇತಗಳಿರುವುದರಿಂದ ಒಟ್ಟು 15 ಬೈಟ್. ಎರಡು ಸಾವಿರ ಸಂಕೇತಗಳ ಒಂದು ಪುಟವಾದರೂ 6 ಕಿಲೋಬೈಟ್ ದಾಟದು. ಅದೇ ಪುಟದ 3 ಮೆಗಾಬೈಟಿನ ಫೋಟೋ ಅದಕ್ಕಿಂತ ಸುಮಾರು ಐನೂರು ಪಟ್ಟು ಭಾರ. ಅದನ್ನು ಮಗು ಓದಬಹುದು, ಆದರೆ ಹುಡುಕಲು, ನಕಲಿಸಲು, ತಿದ್ದಲು ಬಾರದು. ಫೋನಿನಲ್ಲಿ ಕನ್ನಡ ಕೀಲಿಮಣೆ ಇಲ್ಲದ ಸಹೋದ್ಯೋಗಿಗೆ ಅದನ್ನು ಅಳವಡಿಸಿಕೊಟ್ಟರೆ ಶಾಲೆಯ ವೈಫೈಗೆ ಅಷ್ಟರಮಟ್ಟಿಗೆ ಬಿಡುವು ಸಿಗುತ್ತದೆ.

ಇಷ್ಟೆಲ್ಲ ಮಾಡಿದರೂ ವೇಗ ಕೈಕೊಡುವ ದಿನಗಳಿರುತ್ತವೆ. ಆದುದರಿಂದ ಮರುದಿನದ ಪಾಠವನ್ನು ಹಿಂದಿನ ರಾತ್ರಿಯೇ ಮನೆಯಲ್ಲಿ ಇಳಿಸಿಕೊಳ್ಳುವುದು ನನ್ನ ಪದ್ಧತಿ. ದೀಕ್ಷಾದಂಥ ಆ್ಯಪ್‌ಗಳಲ್ಲಿ ಅದಕ್ಕೆ ಅವಕಾಶವಿದೆ. ಇಳಿಸಿದ ಬಳಿಕ ಫೋನನ್ನು ವಿಮಾನಯಾನದ ಸ್ಥಿತಿಗೆ ತಂದು, ಪಾಠವು ಆಗಲೂ ತೆರೆಯುವುದೇ ಎಂದು ಒಮ್ಮೆ ನೋಡಬೇಕು. ಪೂರ್ಣವಾಗಿ ಇಳಿಯದೆ ಅರ್ಧಕ್ಕೆ ನಿಂತ ಪಾಠ ಮನೆಯ ವೈಫೈಯಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಅದರ ನಿಜಸ್ಥಿತಿ ತಿಳಿಯುವುದು ಮರುದಿನ ಮಕ್ಕಳೆದುರಿಗೆ.